ಕುರಿ–ಉಣ್ಣೆ ಹಬ್ಬ ಮಾಡೋದಾದರೆ ಉಣ್ಣೆಯೇ ಮುಂದೆ ಇರಬೇಕು, ಅಲ್ವಾ?

ಕರಿಮಂದೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲೂಕಿನಲ್ಲಿ ಕುರಿ ಸಾಕುವವರು, ಕಂಬಳಿ ನೇಯುವವರು, ಒಂದಿಬ್ಬರು ಮೇಷ್ಟ್ರು ಸೇರಿ ವರ್ಷಕ್ಕೊಮ್ಮೆ ಕುರಿ–ಉಣ್ಣೆ ಹಬ್ಬ ಮಾಡೋಣ ಅಂತ ಮಾತಾಡುತ್ತಿದ್ದೇವೆ. ನಮ್ಮದು ಚಿತ್ರದುರ್ಗ ಜಿಲ್ಲೆ. ಚಳ್ಳಕೆರೆ ಕಂಬಳಿಯ ಹೆಸರು ಈ ಕಡೆ ಎಲ್ಲರಿಗೂ ಗೊತ್ತು. ಹಾಗಾಗಿ ಜಾಗಕ್ಕೂ ತೊಂದರೆ ಇಲ್ಲ, ಜನಕ್ಕೂ ತೊಂದರೆ ಇಲ್ಲ.

ತೊಂದರೆ ಇರೋದು ಕಾರ್ಯಕ್ರಮದ ಪಟ್ಟಿಯಲ್ಲಿ. ಮೊದಲ ಸಭೆಯಲ್ಲಿ ಬರೆದುಕೊಂಡಿದ್ದು ಹೀಗಿತ್ತು: ವೇದಿಕೆ, ಸನ್ಮಾನ, ಡೊಳ್ಳು ಕುಣಿತ, ಟಗರು ಕಾಳಗ, ಬಾಡೂಟ. ಉಣ್ಣೆಗೆ ಸಿಕ್ಕಿದ್ದು ಕೊನೆಯಲ್ಲಿ ಎರಡು ಮಳಿಗೆ. ಅಲ್ಲೂ ಮಡಚಿಟ್ಟ ಕಂಬಳಿ ಮಾರೋದು, ಅಷ್ಟೇ.

ಇದು ನನಗೆ ಸರಿ ಕಾಣಲಿಲ್ಲ. ಕಂಬಳಿ ಹೇಗೆ ಆಗುತ್ತದೆ ಅಂತ ಕಣ್ಣಾರೆ ನೋಡದವರು ಅದಕ್ಕೆ ಬೆಲೆ ಕೊಡಲ್ಲ. ಅಂಗಡಿಯಲ್ಲಿ ಅದರ ಪಕ್ಕ ಮೆತ್ತಗಿನ ಮಿಲ್ ಬ್ಲಾಂಕೆಟ್ ಇರುತ್ತದೆ, ಅದನ್ನೇ ತಗೊಂಡು ಹೋಗುತ್ತಾರೆ. ಹಬ್ಬದ ನಟ್ಟನಡುವೆ ಕತ್ತರಿ, ರಾಟೆ, ಮಗ್ಗ ಇರಬೇಕು. ಮಿಕ್ಕಿದ್ದೆಲ್ಲ ಅದರ ಸುತ್ತ ಇರಲಿ. ನೀವೇನು ಹೇಳುತ್ತೀರಿ? ಬೇರೆ ಕಡೆ ಇಂಥ ಹಬ್ಬದ ಬಗ್ಗೆ ತಿಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಕುಣಿಮಗ್ಗ

ನೂರಕ್ಕೆ ನೂರು ಒಪ್ಪುತ್ತೇನೆ. ನಮ್ಮದು ನೇಕಾರರ ಮನೆ. ಕಂಬಳಿ ಕೊಳ್ಳೋಕೆ ಬಂದವರು ಮಗ್ಗ ಇಣುಕಿ ನೋಡಿ, ಲಾಳಿ ಓಡೋದು ನೋಡಿ, "ಬೇಗ ಆಗುತ್ತಲ್ಲ, ಮತ್ಯಾಕೆ ಇಷ್ಟು ರೇಟು?" ಅಂತ ಕೇಳುತ್ತಾರೆ. ನೇಯೋದು ಕೊನೆಯ ಕೆಲಸ. ಅದಕ್ಕೆ ಮುಂಚೆ ಕುರಿ ಮೈ ತೊಳೆಯಬೇಕು, ಉಣ್ಣೆ ಕತ್ತರಿಸಬೇಕು, ಕರಿ ಬಿಳಿ ಬೇರೆ ಮಾಡಬೇಕು, ಕಸ ಮುಳ್ಳು ಆರಿಸಬೇಕು, ಬಿಲ್ಲಿನಲ್ಲಿ ಹಿಂಜಬೇಕು, ನೂಲಬೇಕು, ಹಾಸು (ಮಗ್ಗದ ಉದ್ದ ಎಳೆಗಳು) ಮಾಡಬೇಕು, ಅದಕ್ಕೆ ಸರಿ (ಗಂಜಿಯಂಥ ಅಂಟು) ಹಾಕಬೇಕು.

ಹಬ್ಬದಲ್ಲಿ ಒಂದೇ ಒಂದು ಕೆಲಸ ತೋರಿಸೋಕೆ ಆಗುತ್ತದೆ ಅಂದರೆ ನಾನು ಸರಿ ಹಾಕೋದನ್ನೇ ತೋರಿಸುತ್ತೇನೆ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ರುಬ್ಬಿ, ಕುದಿಸಿದರೆ ಅಂಟು ಸರಿ ಸಿದ್ಧ. ಹಾಸಿನ ಎಳೆಗಳನ್ನ ಬೀದಿಯಲ್ಲಿ ಗೂಟಕ್ಕೆ ಬಿಗಿದು ಕಟ್ಟುತ್ತಾರೆ. ಇಬ್ಬರು ಎರಡು ಕಡೆ ನಿಂತು ಕುಂಚದಿಂದ ಸರಿ ಸವರುತ್ತಾ ಹೋಗುತ್ತಾರೆ. ಸವರೋದಷ್ಟೇ ಅಲ್ಲ, ಒಣಗೋ ಮುಂಚೆ ಎಳೆ ಎಳೆ ಬಿಡಿಸುತ್ತಲೂ ಇರಬೇಕು. ಎರಡು ಎಳೆ ಅಂಟಿಕೊಂಡು ಒಣಗಿದರೆ ಮಗ್ಗದಲ್ಲಿ ತೊಡಕು. ಮೋಡ ಕವಿದರೆ ಅವತ್ತಿನ ಕೆಲಸ ಕೆಟ್ಟಿತು. ಉಣ್ಣೆ ನೂಲು ಉಬ್ಬುಬ್ಬಾಗಿ ಇರುತ್ತದೆ, ಈ ಸರಿ ಇಲ್ಲದೆ ಮಗ್ಗದ ಎಳೆತ ತಡೆಯಲ್ಲ. ಹೊಸ ಕಂಬಳಿ ತಗಡಿನ ಹಾಗೆ ಸೆಟೆದುಕೊಂಡಿರೋದು ಇದರಿಂದಲೇ. ಬಳಸುತ್ತಾ ಬಳಸುತ್ತಾ ಮೆತ್ತಗಾಗುತ್ತದೆ.

ಇನ್ನೊಂದು ಮಾತು. ಸನ್ಮಾನದ ಶಾಲು ಯಾವಾಗಲೂ ಮಗ್ಗದಲ್ಲಿ ಕೂತವರಿಗೇ ಹೋಗುತ್ತದೆ. ನೂಲುವ ಹೆಂಗಸರನ್ನ ಯಾರೂ ವೇದಿಕೆಗೆ ಕರೆಯಲ್ಲ. ಒಂದು ಕಂಬಳಿ ನೇಯೋದಕ್ಕಿಂತ ಅದರ ನೂಲು ತೆಗೆಯೋಕೆ ಎಷ್ಟೋ ಜಾಸ್ತಿ ಹೊತ್ತು ಬೇಕು. ಈಗ ನಮ್ಮ ಕಡೆ ಚೆನ್ನಾಗಿ ನೂಲುವವರೆಲ್ಲ ಅಜ್ಜಿಯರೇ. ಸೊಸೆಯಂದಿರು ಕೂಲಿಗೆ ಹೋಗುತ್ತಾರೆ, ಯಾಕಂದರೆ ಅಲ್ಲಿ ದುಡ್ಡು ಜಾಸ್ತಿ. ಅವರನ್ನ ಬೈಯೋಕೆ ಆಗಲ್ಲ.

ಏಳುಕೋಟಿ

ಹೊಸ ಹಬ್ಬ ಯಾಕೆ ಅಂತ ನನಗೆ ಅರ್ಥ ಆಗುತ್ತಿಲ್ಲ. ಕುರಿಯವರಿಗೆ ಹಬ್ಬಕ್ಕೆ ಬರ ಇದೆಯಾ? ಹೂವಿನಹಡಗಲಿ ತಾಲೂಕಿನ ಮೈಲಾರಕ್ಕೆ ಭರತ ಹುಣ್ಣಿಮೆಗೆ ಬನ್ನಿ. ಕಾರಣಿಕದ (ಭವಿಷ್ಯ ನುಡಿಯೋ) ದಿನ ಗೊರವಯ್ಯ, ಅಂದರೆ ಮೈಲಾರಲಿಂಗನ ಭಕ್ತ, ಬಿಲ್ಲು ಏರಿ "ಸದ್ದಲೇ" ಅಂದರೆ ಅಷ್ಟು ಜನ ಉಸಿರು ಬಿಗಿ ಹಿಡಿದು ನಿಲ್ಲುತ್ತಾರೆ. ಗೊರವರ ಮೈಮೇಲೆ ಇರೋದು ಕರಿ ಕಂಬಳಿಯೇ. ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ಇನ್ನೊಂದು ಕಾರಣಿಕ. ಗಡಿ ದಾಟಿದರೆ ಕೊಲ್ಹಾಪುರ ಜಿಲ್ಲೆಯ ಪಟ್ಟಣಕೊಡೋಲಿ. ಅಲ್ಲಿ ಬೀರದೇವರ ಜಾತ್ರೆಯಲ್ಲಿ ಭಂಡಾರದ (ಅರಿಶಿನ ಪುಡಿಯ) ಜತೆ ಕೊಬ್ಬರಿ, ಉಣ್ಣೆ ಎರಚುತ್ತಾರೆ. ಊರಿಗೆ ಊರೇ ಹಳದಿ.

ಮನೆಯೊಳಗೂ ಉಣ್ಣೆ ಇದ್ದೇ ಇದೆ. ದೇವರಿಗೆ ಕಂಬಳಿ ಗದ್ದುಗೆ ಹಾಸದೆ ಪೂಜೆ ಶುರು ಆಗಲ್ಲ. ಕುರುಬರಲ್ಲಿ ಹತ್ತಿ ಕಂಕಣ, ಉಣ್ಣೆ ಕಂಕಣ ಅಂತಲೇ ಪಂಗಡಗಳಿವೆ, ಮದುವೆಯಲ್ಲಿ ಕೈಗೆ ಕಟ್ಟೋ ದಾರದ ಮೇಲೆ. ಇಷ್ಟೆಲ್ಲ ಇರುವಾಗ ಶಾಮಿಯಾನ ಹಾಕಿ ಮಾಡೋ ಹಬ್ಬ ಸಪ್ಪೆ ಅನ್ನಿಸುತ್ತದೆ.

ಕರಿಮಂದೆ

ಜಾತ್ರೆಗಳ ಬಗ್ಗೆ ನನ್ನದು ಎರಡು ಮಾತಿಲ್ಲ. ನಾನೂ ಭಂಡಾರ ಹಚ್ಚಿಕೊಂಡೇ ಬೆಳೆದವನು. ಆದರೆ ಒಂದು ವಿಚಾರ ಮಾಡಿ. ಜಾತ್ರೆಯಲ್ಲಿ ಉಣ್ಣೆ ದೇವರಿಗೆ ಸಲ್ಲುತ್ತದೆ. ಅದನ್ನ ಕತ್ತರಿಸಿದವರಿಗೆ, ನೂತವರಿಗೆ ಅಲ್ಲಿ ಏನು ಸಿಗುತ್ತದೆ? ಗದ್ದುಗೆಗೆ ಹಾಸೋ ಕಂಬಳಿ ಒಂದು ಸಲ ಕೊಂಡರೆ ವರ್ಷಗಟ್ಟಲೆ ಬಾಳುತ್ತದೆ. ಅಷ್ಟರಿಂದ ಮಗ್ಗ ನಡೆಯಲ್ಲ. ನಾವು ಕೇಳುತ್ತಿರೋದು ಜಾತ್ರೆಗೆ ಬದಲು ಅಲ್ಲ. ಕಸುಬಿಗೆ ಅಂತಲೇ ಒಂದು ದಿನ ಬೇಕು.

ನೂಲೆಳೆ

ನಾನು ಬೆಂಗಳೂರಿನಲ್ಲಿ ಇರೋದು, ಕೈಯಿಂದ ನೂಲುತ್ತೇನೆ, ಹೆಣೆಯುತ್ತೇನೆ. ಹೊರದೇಶದ ಹಬ್ಬಗಳ ಬಗ್ಗೆ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ 1970ರ ದಶಕದಿಂದ ಕುರಿ ಮತ್ತು ಉಣ್ಣೆ ಹಬ್ಬ ನಡೆಯುತ್ತಿದೆ. ಪ್ರತಿ ಮೇ ತಿಂಗಳ ಮೊದಲ ವಾರಾಂತ್ಯ. ಅಲ್ಲಿ ಒಂದು ಸ್ಪರ್ಧೆ ಇದೆ, ಕುರಿ ಮೈಯಿಂದ ಶಾಲಿನ ತನಕ. ಒಂದೊಂದು ತಂಡದಲ್ಲಿ ಕತ್ತರಿಸುವವರು, ನೂಲುವವರು, ನೇಯುವವರು ಎಲ್ಲ ಇರುತ್ತಾರೆ. ಜನರ ಎದುರಿಗೇ ಕುರಿ ಮೈ ಬೋಳಿಸಿ, ಅದೇ ಉಣ್ಣೆ ನೂತು, ಗೊತ್ತುಮಾಡಿದ ಹೊತ್ತಿನೊಳಗೆ ಶಾಲು ನೇಯಬೇಕು. ಆಮೇಲೆ ಆ ಶಾಲುಗಳ ಹರಾಜು. ಇಡೀ ಕಸುಬು ಒಂದೇ ಮಧ್ಯಾಹ್ನದಲ್ಲಿ ಕಣ್ಣ ಮುಂದೆ ನಡೆದುಹೋಗುತ್ತದೆ. ಕರಿಮಂದೆ ಅವರು ಕೇಳುತ್ತಿರೋದು ಇದನ್ನೇ ಅಲ್ವಾ?

ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳಲ್ಲಿ 2010ರಿಂದ ಉಣ್ಣೆ ವಾರ ಮಾಡುತ್ತಾರೆ, ಸೆಪ್ಟೆಂಬರ್ ಕೊನೆ ಹೊತ್ತಿಗೆ. ಅವರು ಪ್ರತಿ ವರ್ಷ ಒಂದು ಟೋಪಿಯ ಹೆಣಿಗೆ ಮಾದರಿಯನ್ನ ಪುಕ್ಕಟೆ ಹಂಚುತ್ತಾರೆ. ಬರುವವರು ಅದನ್ನ ಮನೆಯಲ್ಲೇ ಹೆಣೆದು, ತಲೆಗೆ ಹಾಕಿಕೊಂಡು ಬರುತ್ತಾರೆ. ಬರೀ ನೋಡೋಕೆ ಬಂದವರು ಅನ್ನೋರು ಅಲ್ಲಿ ಕಡಿಮೆ. ಕೈ ಆಡಿಸಿದವರೇ ಬರುತ್ತಾರೆ, ಹಾಗಾಗಿ ಉಣ್ಣೆಯ ಬೆಲೆ ಏನು ಅಂತ ಅವರಿಗೆ ಗೊತ್ತಿರುತ್ತದೆ.

ಆದರೆ ಅಲ್ಲಿಯದನ್ನ ಹಾಗೇ ಎತ್ತಿ ತಂದು ಇಡಬೇಡಿ. ಅವರದ್ದು ಹೆಣೆಯೋ ಉಣ್ಣೆ. ನಮ್ಮ ದಖನಿ ತಳಿ ಕುರಿಯ ಉಣ್ಣೆ ಒರಟು, ಗಿಡ್ಡ ಎಳೆ. ಅದರಿಂದ ಸ್ವೆಟರ್ ಮಾಡಿ ಮಾರುತ್ತೇವೆ ಅಂದರೆ ಕೊಂಡವರು ಕೆರೆದುಕೊಂಡು ಬೈಯುತ್ತಾರೆ.

ಬಯಲುಸೀಮೆ ಹುಡುಗ

ಕೆರೆತದ ಮಾತು ಬಂತಲ್ಲ, ಅದೇ ದೊಡ್ಡ ಸಮಸ್ಯೆ. ನಮ್ಮ ವಯಸ್ಸಿನವರು ಯಾರೂ ಹೊದೆಯಲ್ಲ, ಚುಚ್ಚುತ್ತದೆ ಅಂತಾರೆ. ಟಗರು ಕಾಳಗ ಇಟ್ಟರೆ ಮಾತ್ರ ನಮ್ಮ ಹುಡುಗರು ಬರುತ್ತಾರೆ. ಅದನ್ನ ತೆಗೆದರೆ ಹಬ್ಬದಲ್ಲಿ ಜನವೇ ಇರಲ್ಲ, ನೋಡಿ ಬೇಕಾದರೆ.

ಹಟ್ಟಿಗೌಡ

ತಮ್ಮಾ, ಟಗರು ಸಾಕಿದವನಾಗಿ ಹೇಳುತ್ತೇನೆ. ಕಾಳಗದಲ್ಲಿ ಕೊಂಬು ಮುರಿದು, ಕತ್ತು ಉಳುಕಿ ಬಿದ್ದ ಟಗರನ್ನ ಆಮೇಲೆ ಯಾರೂ ನೋಡಲ್ಲ. ಜತೆಗೆ ಪ್ರಾಣಿಗಳನ್ನ ಕಾದಾಟಕ್ಕೆ ಬಿಡೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಅಪರಾಧ. ಹಬ್ಬದ ಹೆಸರಿನಲ್ಲಿ ಕೇಸು ಹಾಕಿಸಿಕೊಳ್ಳೋದು ಯಾಕೆ? ಟಗರು ತೋರಿಸಬೇಕಾ, ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಮೆರವಣಿಗೆ ಮಾಡಿ. ಒಳ್ಳೆ ಮೈಕಟ್ಟಿಗೆ ಬಹುಮಾನ ಕೊಡಿ. ಒಳ್ಳೆ ಉಣ್ಣೆಗೂ ಬಹುಮಾನ ಕೊಡಿ, ಅದು ಇಲ್ಲಿವರೆಗೆ ಯಾರೂ ಕೊಟ್ಟಿದ್ದು ನಾನು ನೋಡಿಲ್ಲ.

ಈಗ ನಿಜವಾದ ಕಥೆ ಹೇಳುತ್ತೇನೆ, ಎಲ್ಲರೂ ಕೇಳಿ. ನಮ್ಮ ರಾಜ್ಯದಲ್ಲಿ ಕುರಿ ಕಡಿಮೆ ಆಗಿಲ್ಲ. 2019ರ ಜಾನುವಾರು ಗಣತಿಯಲ್ಲಿ 1 ಕೋಟಿ 11 ಲಕ್ಷ ಕುರಿ ಇದ್ದವು. ತೆಲಂಗಾಣ, ಆಂಧ್ರ ಬಿಟ್ಟರೆ ದೇಶದಲ್ಲಿ ನಾವೇ ಮುಂದೆ. ಆದರೆ ಅವುಗಳ ಮೈಮೇಲೆ ಏನಿದೆ ಅಂತ ನೋಡಿ. ದಖನಿ, ಬಳ್ಳಾರಿ ಕುರಿಗೆ ಉಣ್ಣೆ ಇದೆ. ಕೆಂಗುರಿ, ಯಳಗಕ್ಕೆ ಬರೀ ಗಿಡ್ಡ ಕೂದಲು. ಜನ ಕೆಂಗುರಿ, ಯಳಗದ ಕಡೆ ಹೋಗುತ್ತಿದ್ದಾರೆ, ಎತ್ತರ ಬೆಳೆಯುತ್ತವೆ, ತೂಕ ಬರುತ್ತದೆ. ಅವಳಿ ಮರಿ ಬೇಕು ಅನ್ನೋರು ನಾರಿ ಸುವರ್ಣ ಅನ್ನೋ ತಳಿ ತರುತ್ತಾರೆ. ಅಮೀನಗಡದ ಕುರಿ ಸಂತೆಗೆ ಹೋಗಿ ನೋಡಿ. ವ್ಯಾಪಾರಿ ಮೊದಲು ಕೈ ಹಾಕೋದು ಸೊಂಟದ ಮೇಲೆ. ಬೆನ್ನುಮೂಳೆ ಒತ್ತಿ, ಮಾಂಸ ಎಷ್ಟಿದೆ ಅಂತ ನೋಡುತ್ತಾನೆ. ಉಣ್ಣೆ ಕೈಗೆ ಸಿಕ್ಕರೆ ಪಕ್ಕಕ್ಕೆ ಸರಿಸುತ್ತಾನೆ.

ಉಣ್ಣೆ ಇದ್ದರೆ ವರ್ಷಕ್ಕೆ ಎರಡು ಸಲ ಕತ್ತರಿಸಲೇಬೇಕು. ಇಲ್ಲದಿದ್ದರೆ ಹೇನು, ಉಣ್ಣಿ, ಚರ್ಮದ ಕಾಟ. ಒಂದು ಕುರಿಗೆ ವರ್ಷಕ್ಕೆ ಒಂದು ಕಿಲೋ ಉಣ್ಣೆಯೂ ಬರಲ್ಲ. ಕತ್ತರಿಸುವವರಿಗೆ ಕೊಡೋ ಕೂಲಿ, ಆ ಉಣ್ಣೆಗೆ ಸಿಗೋ ದುಡ್ಡಿಗಿಂತ ಜಾಸ್ತಿ. ಹಾಗಾಗಿ ಕತ್ತರಿಸಿ ಬೇಲಿ ಪಕ್ಕ ಬಿಟ್ಟು ಹೋಗುತ್ತಾರೆ. ನಾನೂ ಬಿಟ್ಟಿದ್ದೇನೆ. ಹೊಟ್ಟೆ ಉರಿಯುತ್ತದೆ, ಆದರೆ ಹೊತ್ತುಕೊಂಡು ತಿರುಗೋಕೆ ಕತ್ತೆ ಬೆನ್ನ ಮೇಲೆ ಜಾಗ ಇಲ್ಲ.

ಕುಣಿಮಗ್ಗ

ಗೌಡ್ರೇ, ಅತ್ತ ನೀವು ಬಿಟ್ಟು ಹೋಗುತ್ತೀರಿ, ಇತ್ತ ನಮಗೆ ಒಳ್ಳೆ ಕರಿ ಉಣ್ಣೆ ಸಿಗಲ್ಲ. ಇದೇ ನೋಡಿ ಹಬ್ಬ ಬೇಕು ಅನ್ನೋದಕ್ಕೆ ಕಾರಣ. ನೀವು ಮತ್ತು ನಾವು ಒಂದೇ ಕಡೆ ಸೇರೋ ಜಾಗ ಇಲ್ಲ. ನಡುವೆ ಇರೋನು ಎಲ್ಲ ಬಣ್ಣ ಒಂದೇ ಚೀಲಕ್ಕೆ ತುಂಬಿ ತರುತ್ತಾನೆ. ಮರಿ ಉಣ್ಣೆ, ಮುದಿ ಕುರಿ ಉಣ್ಣೆ ಎಲ್ಲ ಕಲಸುಮೇಲೋಗರ. ಮರಿಯ ಮೊದಲ ಕತ್ತರಿ ಉಣ್ಣೆ ಎಷ್ಟು ಮೆತ್ತಗೆ ಇರುತ್ತದೆ ಅಂತ ನಿಮಗೇ ಗೊತ್ತು, ಬಣ್ಣವೂ ಅಚ್ಚ ಕಪ್ಪು. ಅದನ್ನೇ ಬೇರೆ ಚೀಲದಲ್ಲಿ ಇಟ್ಟು ತಂದರೆ ನಾನು ಜಾಸ್ತಿ ಕೊಡೋಕೆ ಸಿದ್ಧ. ಬೇರೆ ನೇಕಾರರೂ ಕೊಡುತ್ತಾರೆ.

ಹಟ್ಟಿಗೌಡ

ಅದು ಆಗೋ ಮಾತು. ಹಬ್ಬದಲ್ಲಿ ಉಣ್ಣೆ ತೂಗೋ ಜಾಗ ಇಡಿ, ಸ್ಥಳದಲ್ಲೇ ದುಡ್ಡು ಕೊಡಿ. ಆಗ ನಮ್ಮವರು ಮಂದೆ ಬಿಟ್ಟಾದರೂ ಬರುತ್ತಾರೆ. ಭಾಷಣ ಕೇಳೋಕೆ ಬರಲ್ಲ.

ನೂಲೆಳೆ

ಈ ಎರಡು ಉತ್ತರ ಓದಿ ಖುಷಿ ಆಯಿತು. ಹಬ್ಬದ ಮುಖ್ಯ ಕೆಲಸ ಇದೇ ಆಗಲಿ.

ಬಯಲುಸೀಮೆ ಹುಡುಗರಿಗೆ: ಕಂಬಳಿ ಹೊದ್ದು ಕೂದಲು ಚುಚ್ಚಿತು ಅಂದರೆ ಹೇಗೆ? ಅದು ಮೈಗೆ ತಾಗಿಸಿಕೊಳ್ಳೋ ಬಟ್ಟೆಯೇ ಅಲ್ಲ. ಮೆತ್ತಗಿನ ಮೆರಿನೋ ತಳಿಯ ಉಣ್ಣೆ ಎಳೆ ಸುಮಾರು 20 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಅಂದರೆ ಒಂದು ಮೈಕ್ರಾನ್) ದಪ್ಪ. 30 ದಾಟಿದರೆ ಚರ್ಮಕ್ಕೆ ಚುಚ್ಚುತ್ತದೆ. ದಖನಿ ಉಣ್ಣೆ ಅದಕ್ಕಿಂತ ದಪ್ಪ. ಆದರೆ ಆ ದಪ್ಪಕ್ಕೇ ಅದು ಬಾಳಿಕೆ ಬರೋದು. ನೆಲಹಾಸು, ಕುರ್ಚಿ ಮೇಲಿನ ಹಾಸು, ಚೀಲ, ಬಾಗಿಲ ಪರದೆ, ಗೋಡೆಗೆ ಸದ್ದು ತಡೆಯೋ ಹಾಸು, ಇವಕ್ಕೆ ಒರಟು ಉಣ್ಣೆಯೇ ಬೇಕು. ಬಣ್ಣ ಹಾಕೋ ಕೆಲಸವೂ ಇಲ್ಲ. ಕರಿ, ಬೂದು, ಕಂದು, ಬಿಳಿ ಎಲ್ಲ ಕುರಿಯೇ ಕೊಡುತ್ತದೆ. ಹಬ್ಬದಲ್ಲಿ ಇವನ್ನ ಮಾಡಿ ತೋರಿಸಿದರೆ ನಮ್ಮಂಥ ಊರಿನವರು ಖಂಡಿತ ಕೊಳ್ಳುತ್ತೇವೆ.

ಮಲೆನಾಡ ಸೊಸೆ

ಕಂಬಳಿಯ ಬಗ್ಗೆ ನಮ್ಮ ಕಡೆಯವರೂ ಮಾತಾಡಬಹುದಾ? ಕಂಬಳಿ ನೇಯೋದು ಬಯಲುಸೀಮೆಯಲ್ಲಿ, ಆದರೆ ಅದರ ನಿಜವಾದ ಉಪಯೋಗ ಗೊತ್ತಿರೋದು ನಮ್ಮ ಮಳೆಯಲ್ಲಿ. ಒಂದು ಮೂಲೆ ಒಳಗೆ ಮಡಚಿ ಕೊಪ್ಪೆ ಮಾಡಿ ತಲೆ ಮೇಲೆ ಹಾಕಿಕೊಂಡರೆ ಬೆನ್ನು ಪೂರ್ತಿ ಮುಚ್ಚುತ್ತದೆ, ಎರಡೂ ಕೈ ಬಿಡುವಾಗಿ ಇರುತ್ತವೆ. ನಾಟಿ ಮಾಡೋರಿಗೆ ಬಗ್ಗಿ ಕೆಲಸ ಮಾಡಬೇಕಲ್ಲ, ಕೊಡೆ ಹಿಡಿಯೋಕೆ ಆಗುತ್ತದಾ? ನೀರು ಮೇಲಿಂದ ಜಾರಿಹೋಗುತ್ತದೆ. ಒಳಗೆ ಸ್ವಲ್ಪ ಒದ್ದೆ ಆದರೂ ಬೆಚ್ಚಗೇ ಇರುತ್ತದೆ. ಪ್ಲಾಸ್ಟಿಕ್ ಹೊದ್ದರೆ ಮಳೆಯಿಂದ ಒದ್ದೆ ಆಗಲ್ಲ, ಬೆವರಿಂದ ಆಗುತ್ತೇವೆ. ಸಂಜೆ ಒಲೆ ಮೇಲಿನ ಅಟ್ಟಕ್ಕೆ ಹಾಕಿದರೆ ಬೆಳಿಗ್ಗೆ ಹೊತ್ತಿಗೆ ಒಣಗಿರುತ್ತದೆ. ಹೊಗೆ ಕುಡಿದ ಕಂಬಳಿಗೆ ಹುಳುವೂ ಹತ್ತಲ್ಲ.

ಹಬ್ಬದಲ್ಲಿ ಒಂದು ಮೂಲೆಯಲ್ಲಿ ನೀರು ಸುರಿಯೋ ವ್ಯವಸ್ಥೆ ಮಾಡಿ, ಮಕ್ಕಳಿಗೆ ಕೊಪ್ಪೆ ಹಾಕಿಸಿ ಕೆಳಗೆ ನಿಲ್ಲಿಸಿ. ಅವರೇ ಮನೆಗೆ ಹೋಗಿ ಹೇಳುತ್ತಾರೆ.

ಒಂದು ಪ್ರಶ್ನೆ. ಈಗ ಅಂಗಡಿಯಲ್ಲಿ ಸಿಗೋ "ಕಂಬಳಿ" ನಿಜವಾದ ಉಣ್ಣೆಯೇ ಅಂತ ತಿಳಿಯೋದು ಹೇಗೆ? ಹೋದ ಸಲ ತಂದಿದ್ದು ಮಳೆಗೆ ಹೀರಿಕೊಂಡು ಮಣಭಾರ ಆಯಿತು.

ಕುಣಿಮಗ್ಗ

ನಿಮಗೆ ಸಿಕ್ಕಿದ್ದು ಬಹುಶಃ ಹಳೆ ಬಟ್ಟೆ ಚಿಂದಿಯಿಂದ ಮಾಡಿದ್ದು. ಪಾಣಿಪತ್ ಕಡೆ ಹಳೆ ಉಡುಪುಗಳನ್ನ ಮತ್ತೆ ಹಿಂಜಿ ನೂಲು ಮಾಡಿ ಬ್ಲಾಂಕೆಟ್ ನೇಯುತ್ತಾರೆ. ಅದು ಅಗ್ಗ, ಬಣ್ಣವೂ ಕಪ್ಪು. ಮಡಚಿಟ್ಟರೆ ಕಂಬಳಿ ಥರವೇ ಕಾಣುತ್ತದೆ. ಆ ಕೆಲಸಕ್ಕೆ ನನ್ನ ತಕರಾರಿಲ್ಲ. ಅದನ್ನ ಕುರಿ ಕಂಬಳಿ ಅಂತ ಮಾರೋದಕ್ಕೆ ಇದೆ.

ಗುರುತು ಹಿಡಿಯೋದು ಸುಲಭ. ಅಂಚಿಂದ ಒಂದು ಎಳೆ ಬಿಚ್ಚಿ ಬೆಂಕಿಕಡ್ಡಿ ತಾಗಿಸಿ. ಉಣ್ಣೆ ಆದರೆ ನಿಧಾನಕ್ಕೆ ಸುಡುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿ ಆಗುತ್ತದೆ. ಅಕ್ರಿಲಿಕ್, ಪಾಲಿಯೆಸ್ಟರ್ ಆದರೆ ಕರಗಿ ತುದಿಯಲ್ಲಿ ಗಟ್ಟಿ ಮಣಿ ನಿಲ್ಲುತ್ತದೆ. ಆರಿದ ಮೇಲೆ ಮುಟ್ಟಿ ನೋಡಿ. ಮತ್ತೆ ಕೈಮಗ್ಗದ ಹೊಸ ಕಂಬಳಿ ಸರಿಯಿಂದ ಸೆಟೆದುಕೊಂಡಿರುತ್ತದೆ, ಕುರಿಯ ಜಿಡ್ಡಿನ ವಾಸನೆ ಸ್ವಲ್ಪ ಇದ್ದೇ ಇರುತ್ತದೆ. ಮೊದಲ ದಿನವೇ ಮೆತ್ತಗೆ, ಘಮಘಮ ಅಂತ ಇದ್ದರೆ ಅನುಮಾನ ಪಡಿ.

ಕರಿಮಂದೆ

ಬೆಂಕಿಕಡ್ಡಿ ಪರೀಕ್ಷೆಯನ್ನ ಹಬ್ಬದ ಬಾಗಿಲಲ್ಲೇ ಇಡೋಣ. ಯಾರು ಬೇಕಾದರೂ ಮನೆಯಿಂದ ಎಳೆ ತರಲಿ, ಸುಟ್ಟು ನೋಡಲಿ. ಮಳಿಗೆ ಹಾಕುವವರಿಗೂ ಇದೇ ನಿಯಮ. ಎಳೆ ಸುಟ್ಟು ತೋರಿಸದೆ ಮಳಿಗೆ ಇಲ್ಲ.

ಈಗ ದಿನದ ಪ್ರಶ್ನೆ. ಕೆಲವರು ಜನವರಿ ಅಂತಾರೆ, ಚಳಿ ಇರುತ್ತದೆ, ಕಂಬಳಿ ಮಾರಾಟ ಆಗುತ್ತದೆ ಅಂತ.

ಹಟ್ಟಿಗೌಡ

ಜನವರಿಯಲ್ಲಿ ನಾವು ಊರಲ್ಲೇ ಇರಲ್ಲ. ಸುಗ್ಗಿ ಆದ ಮೇಲೆ ಕೊಯ್ದ ಹೊಲಗಳಲ್ಲಿ ರಾತ್ರಿ ಮಂದೆ ತರುಬುತ್ತಾ (ನಿಲ್ಲಿಸುತ್ತಾ) ನೀರಾವರಿ ಸೀಮೆ ಕಡೆ ಹೋಗಿರುತ್ತೇವೆ. ರೈತರು ಗೊಬ್ಬರಕ್ಕೆ ರಾತ್ರಿ ಲೆಕ್ಕದಲ್ಲಿ ದುಡ್ಡೋ ಕಾಳೋ ಕೊಡುತ್ತಾರೆ. ಆ ಆದಾಯ ಬಿಟ್ಟು ಯಾರು ಬರುತ್ತಾರೆ? ಕುರಿಯವರೇ ಇಲ್ಲದ ಕುರಿ ಹಬ್ಬ ಆಗುತ್ತದೆ ಅಷ್ಟೇ. ದೀಪಾವಳಿ ಹೊತ್ತಿಗೆ ಮಾಡಿ. ಬಲಿಪಾಡ್ಯಮಿಗೆ ಹೇಗಿದ್ದರೂ ಹಟ್ಟಿ ಪೂಜೆ ಇರುತ್ತದೆ, ಕುರಿಗೆ ಸಿಂಗಾರ ಮಾಡುತ್ತೇವೆ. ನಮ್ಮ ಕಡೆ ಮಳೆಗಾಲ ಕಳೆದ ಮೇಲಿನ ಕತ್ತರಿಯೂ ಅದೇ ಸುಮಾರಿಗೆ. ಕೆರೆಯಲ್ಲಿ ನೀರಿರುತ್ತದೆ, ಕುರಿ ಮೈ ತೊಳೆಯೋಕೆ.

ಏಳುಕೋಟಿ

ದೀಪಾವಳಿ ಆದರೆ ನನ್ನ ತಕರಾರು ಅರ್ಧ ಹೋಯಿತು. ಅದು ಮೊದಲಿಂದ ಕುರಿ ಹಬ್ಬವೇ. ಹಟ್ಟಿ ಪೂಜೆಯ ಮಾರನೇ ದಿನ ಇಟ್ಟುಕೊಳ್ಳಿ. ಡೊಳ್ಳಿನವರನ್ನ ನಾನು ಕರೆತರುತ್ತೇನೆ, ಆದರೆ ಅವರನ್ನ ವೇದಿಕೆ ಮೇಲೆ ನಿಲ್ಲಿಸಬೇಡಿ. ಮಂದೆ ಬರುವಾಗ ಮುಂದೆ ಬಾರಿಸಿಕೊಂಡು ಬರಲಿ.

ನೂಲೆಳೆ

2026 ಅನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತಾರಾಷ್ಟ್ರೀಯ ವರ್ಷ ಅಂತ ಘೋಷಿಸಿದೆ. ಅರ್ಜಿ ಬರೆಯುವಾಗ ಇದನ್ನ ಸೇರಿಸಿ. ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮಕ್ಕೆ ಒಂದು ಪ್ರತಿ ಕಳಿಸಿ. ತೂಕದ ಯಂತ್ರ, ಕತ್ತರಿ ತರಬೇತಿ ಇಂಥದ್ದು ಕೇಳೋದು ಒಳ್ಳೆಯದು. ಶಾಮಿಯಾನ ಕೇಳಬೇಡಿ.

ಬಯಲುಸೀಮೆ ಹುಡುಗ

ಕಾಳಗದ ಮಾತು ವಾಪಸ್ ತಗೊಂಡೆ. ಆದರೆ ಹುಡುಗರಿಗೂ ಏನಾದರೂ ಬೇಕು ಅಣ್ಣ. ಆ ಕುರಿಯಿಂದ ಶಾಲಿನ ತನಕ ಅನ್ನೋ ಸ್ಪರ್ಧೆ ನಮ್ಮಲ್ಲೂ ಮಾಡಿದರೆ? ಊರಿಗೊಂದು ತಂಡ. ಕತ್ತರಿಸೋಕೆ ನಾವು ಇಳಿಯುತ್ತೇವೆ.

ಕುಣಿಮಗ್ಗ

ಕಂಬಳಿ ಒಂದು ದಿನದಲ್ಲಿ ಆಗಲ್ಲ, ಸರಿ ಹಾಕಿ ಒಣಗಿಸೋದೇ ಒಂದು ದಿನ. ಹಾಸನ್ನ ಮೊದಲೇ ಸಿದ್ಧ ಮಾಡಿ ಮಗ್ಗಕ್ಕೆ ಏರಿಸಿ ಇಡೋಣ. ಹೊಕ್ಕಿಗೆ (ಅಡ್ಡ ಎಳೆಗೆ) ಮಾತ್ರ ಅವತ್ತು ಕತ್ತರಿಸಿ, ಹಿಂಜಿ, ನೂತ ಉಣ್ಣೆ. ಗದ್ದುಗೆ ಅಳತೆಯ ಚಿಕ್ಕ ಕಂಬಳಿ ಸಾಕು. ಬೆಳಿಗ್ಗೆ ಶುರು ಮಾಡಿದರೆ ಸಂಜೆಗೆ ಇಳಿಸಬಹುದು, ಪ್ರತಿ ತಂಡದಲ್ಲಿ ಕೈ ಪಳಗಿದ ನೂಲುವವರು ನಾಲ್ಕೈದು ಜನ ಇದ್ದರೆ. ಹಬ್ಬದ ಮೈದಾನದಲ್ಲಿ ಕುಣಿ (ನೇಯುವವರು ಕಾಲು ಇಳಿಬಿಡೋ ಗುಂಡಿ) ತೋಡಬೇಕು, ಅದಕ್ಕೆ ಒಪ್ಪಿಗೆ ತಗೊಳ್ಳಿ. ಕುಣಿ ಇಲ್ಲದೆ ನಮ್ಮ ಮಗ್ಗ ನಿಲ್ಲಲ್ಲ.

ಬಹುಮಾನ ಇಡೀ ತಂಡಕ್ಕೆ ಹೋಗಲಿ. ವೇದಿಕೆಗೆ ಕರೆಯುವಾಗ ನೂಲುವವರ ಹೆಸರು ಮೊದಲು.

ಕರಿಮಂದೆ

ಬರೆದುಕೊಂಡೆ. ಮುಂದಿನ ಸಭೆಗೆ ಹೊಸ ಪಟ್ಟಿ ತಗೊಂಡು ಹೋಗುತ್ತೇನೆ: ಬಲಿಪಾಡ್ಯಮಿ ಮಾರನೇ ದಿನ, ಉಣ್ಣೆ ತೂಕ ಮತ್ತು ನಗದು, ಸರಿ ಹಾಕೋ ಬೀದಿ, ಊರಿನ ತಂಡಗಳು, ಕೊಪ್ಪೆ ಮತ್ತು ನೀರು, ಬೆಂಕಿಕಡ್ಡಿ ಬಾಗಿಲು. ಕಾಳಗ ಇಲ್ಲ.

ಎರಡು ವಿಷಯ ಇನ್ನೂ ಬಾಕಿ. ತೂಗಿದ ಉಣ್ಣೆಗೆ ಅವತ್ತೇ ದುಡ್ಡು ಕೊಡಬೇಕು ಅಂದರೆ ಮುಂಗಡ ಯಾರ ಹತ್ತಿರ ಇರಬೇಕು? ನೇಕಾರರು ಮೊದಲೇ ಇಷ್ಟಿಷ್ಟು ಬೇಕು ಅಂತ ಬರೆಸಿದರೆ ಲೆಕ್ಕ ಸಿಗುತ್ತದೆ. ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿ ಕಡೆ ನೇಯುವವರು ಯಾರಾದರೂ ಇಲ್ಲಿ ಇದ್ದರೆ ನಿಮಗೆ ಎಷ್ಟು ಕರಿ, ಎಷ್ಟು ಬಿಳಿ ಬೇಕು ಅಂತ ತಿಳಿಸಿ. ಎರಡನೇದು ಹುಣಸೆ ಬೀಜ. ಕುಣಿಮಗ್ಗ ಅವರೇ, ನಾಲ್ಕು ಮಗ್ಗದ ಹಾಸಿನ ಎಳೆಗೆ ಸರಿ ಹಾಕೋಕೆ ಎಷ್ಟು ಬೀಜ ಹಿಡಿಯುತ್ತದೆ?

ಕುಣಿಮಗ್ಗ

ಮನೆಯಲ್ಲಿ ಅಮ್ಮನ್ನ ಕೇಳಿ ಸಂಜೆ ಬರೆಯುತ್ತೇನೆ. ಬೀಜ ಹೊಸದಾಗಿರಲಿ, ಹುಳ ಬಿದ್ದಿದ್ದು ಬೇಡ.